ಹಿಮದಲ್ಲಿ ಹೂಳದ, ಹ್ಯಾಂಡಲ್ ತಿರುಗಿಸಿದತ್ತ ತಿರುಗುವ ಸ್ಕೀ: ಸ್ನೋಮೊಬೈಲ್ ಸ್ಕೀ ವಿನ್ಯಾಸದ ಮಾರ್ಗದರ್ಶಿ

ಪುಣೆಯ ಭೋಸರಿ, ಚಾಕಣ, ಪಿಂಪ್ರಿ-ಚಿಂಚವಾಡ ಭಾಗದ ವರ್ಕ್‌ಶಾಪುಗಳಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ಕನ್ನಡಿಗರು ಬಹಳ ಮಂದಿ ಇದ್ದಾರೆ. ವಾಹನದ ಬಿಡಿಭಾಗಗಳನ್ನು ಮಾಡುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಕಾಶ್ಮೀರದ ಗುಲ್ಮಾರ್ಗದಂಥ ಹಿಮಪ್ರದೇಶದಲ್ಲಿ ಓಡುವ ಸ್ನೋಮೊಬೈಲ್ ಎಂಬ ಮೋಟಾರು ಗಾಡಿಯ ಸ್ಕೀಯೊಂದನ್ನು, ಅಂದರೆ ಮುಂದೆ ಚಕ್ರದ ಬದಲು ಇರುವ ಜಾರುಹಲಗೆಯನ್ನು, ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ, ಅದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕನ್ನಡದಲ್ಲಿ ಹೇಳುವ ಬರಹ ಸಿಗುವುದು ಕಷ್ಟ. ಯಂತ್ರಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೂ ಸಣ್ಣ ವರ್ಕ್‌ಶಾಪ್ ನಡೆಸುವವರಿಗೂ ಉಪಯೋಗವಾಗಲಿ ಎಂದು ಈ ಕೆಲಸವನ್ನು ಹಂತಹಂತವಾಗಿ ಬರೆದಿದ್ದೇನೆ.

ಕೆನಡಾದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಗಾಡಿಯನ್ನು ಮಾರುಕಟ್ಟೆಗೆ ತಂದ ಕಾಲದಿಂದ ಈವರೆಗೂ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಹಿಂದೆ ಗಾಡಿಯನ್ನು ತಳ್ಳುವ ರಬ್ಬರ್ ಟ್ರ್ಯಾಕ್, ಮುಂದೆ ದಾರಿ ತೋರಿಸುವ ಸ್ಕೀಗಳು. ಈ ಸ್ಕೀಗಳಿಂದ ನಾವು ಎರಡು ಕೆಲಸ ಬಯಸುತ್ತೇವೆ: ಮೆತ್ತನೆಯ ಹಿಮದಲ್ಲಿ ಹೂತುಹೋಗದೆ ಮೇಲೆ ತೇಲಬೇಕು, ಗಟ್ಟಿ ಹಿಮದಲ್ಲಿ ಜಾರದೆ ಕಚ್ಚಿ ತಿರುಗಬೇಕು. ತೇಲುವುದಕ್ಕೆ ಅಗಲವಾದ ನುಣುಪು ತಳ ಬೇಕು, ತಿರುಗುವುದಕ್ಕೆ ತಳದಿಂದ ಕೆಳಗಿಳಿದ ಏಣು ಬೇಕು. ಇವೆರಡನ್ನೂ ಹೊಂದಿಸುವುದು ಸ್ಕೀಯನ್ನು ಸ್ಪಿಂಡಲ್ಲಿಗೆ, ಅಂದರೆ ಹ್ಯಾಂಡಲಿನೊಂದಿಗೆ ತಿರುಗುವ ಕಂಬಕ್ಕೆ, ಕೂಡಿಸುವ ಒಂದೇ ಒಂದು ಬೋಲ್ಟಿನ ಸ್ಥಾನ. ವಿನ್ಯಾಸಕ್ಕೆ ತೊಡಗಿದವರಲ್ಲಿ ಹೆಚ್ಚಿನವರು ಅಗಲ, ಆಕಾರ, ಬಣ್ಣ ಎಲ್ಲವನ್ನೂ ತೀರ್ಮಾನಿಸಿ ಕೊನೆಗೆ ಬೋಲ್ಟಿನ ತೂತು ಕೊರೆಯುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ನನ್ನ ಮುಖ್ಯ ಮಾತು.

ಮೊದಲು ಹಿಮವನ್ನು ಗೊತ್ತುಮಾಡಿಕೊಳ್ಳಿ

ಹಿಮವೆಂದರೆ ಒಂದೇ ಬಗೆಯ ವಸ್ತುವಲ್ಲ. ಈಗಷ್ಟೇ ಬಿದ್ದ ಹಗುರ ಹಿಮ ಒಂದು ಘನಮೀಟರಿಗೆ 50ರಿಂದ 100 ಕಿಲೋ ತೂಗಿದರೆ, ಕೆಲವು ದಿನ ಕುಳಿತು ಕುಗ್ಗಿದ ಹಿಮ 200ರಿಂದ 300 ಕಿಲೋ ತೂಗುತ್ತದೆ. ಗಾಳಿ ಬಡಿದು ಗಟ್ಟಿಯಾದದ್ದು ಅದಕ್ಕೂ ಹೆಚ್ಚು, ಶುದ್ಧ ಮಂಜುಗಡ್ಡೆ ಸುಮಾರು 917 ಕಿಲೋ. ಗಾಡಿ ಹೆಚ್ಚಾಗಿ ತುಳಿದ ದಾರಿಯಲ್ಲೇ ಓಡುವುದೋ, ದಾರಿ ಬಿಟ್ಟು ಆಳದ ಹಿಮಕ್ಕೆ ಇಳಿಯುವುದೋ ಎಂಬುದನ್ನು ಬಳಸುವವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ತುಳಿದ ದಾರಿಗಾದರೆ 130ರಿಂದ 170 ಮಿ.ಮೀ. ಅಗಲದ ಸ್ಕೀ ಸಾಕು. ಆಳದ ಹಿಮಕ್ಕಾದರೆ 180ರಿಂದ 230 ಮಿ.ಮೀ. ವರೆಗೆ ಹೋಗಬೇಕಾಗುತ್ತದೆ. ಎರಡಕ್ಕೂ ಒಂದೇ ಸ್ಕೀ ಬೇಕೆಂದು ಕೇಳಿದರೆ, ಯಾವುದಕ್ಕೆ ಹೆಚ್ಚು ಎಂದು ಮರಳಿ ಕೇಳುವುದೇ ಪ್ರಾಮಾಣಿಕ ಉತ್ತರ.

ಭಾರದ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಇಂಧನ ಸೇರಿ ಗಾಡಿ 230 ಕಿಲೋ, ಸವಾರ ಮತ್ತು ಅವನ ಸಾಮಾನು 90 ಕಿಲೋ, ಒಟ್ಟು 320 ಕಿಲೋ ಎಂದುಕೊಳ್ಳಿ. ಸಮತಟ್ಟು ನೆಲದಲ್ಲಿ ನಿಂತಾಗ ಇದರ ಕಾಲುಭಾಗ ಸ್ಕೀಗಳ ಮೇಲೆ ಬಿದ್ದರೆ ಒಂದೊಂದು ಸ್ಕೀಗೆ 40 ಕಿಲೋ, ಅಂದರೆ ಸುಮಾರು 392 ನ್ಯೂಟನ್. ಮೆತ್ತನೆಯ ಹಿಮದಲ್ಲಿ 900 ಮಿ.ಮೀ. ಉದ್ದ ಮತ್ತು 180 ಮಿ.ಮೀ. ಅಗಲದ ತಳ ಹಿಮಕ್ಕೆ ತಾಗಿದರೆ ಒತ್ತಡ ಸುಮಾರು 2.4 ಕಿಲೋಪಾಸ್ಕಲ್ ಆಗುತ್ತದೆ. ಅಗಲವನ್ನು 150ಕ್ಕೆ ಇಳಿಸಿದರೆ 2.9, 200ಕ್ಕೆ ಏರಿಸಿದರೆ 2.2. ಈಗ ಹಿಂದಿನ ಟ್ರ್ಯಾಕಿನ ಲೆಕ್ಕ ನೋಡಿ. 381 ಮಿ.ಮೀ. ಅಗಲದ ಟ್ರ್ಯಾಕ್ 1,350 ಮಿ.ಮೀ. ಉದ್ದಕ್ಕೆ ನೆಲ ಮುಟ್ಟಿದ್ದು, ಉಳಿದ 240 ಕಿಲೋ ಅದರ ಮೇಲಿದ್ದರೆ, ಒತ್ತಡ ಸುಮಾರು 4.6 ಕಿಲೋಪಾಸ್ಕಲ್.

ಈ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸ್ಕೀಯ ಒತ್ತಡ ಟ್ರ್ಯಾಕಿನ ಒತ್ತಡದ ಅರ್ಧದಷ್ಟೇ ಇದ್ದರೂ ಆಳದ ಹಿಮದಲ್ಲಿ ಮೊದಲು ಮುಳುಗುವುದು ಹಲವು ಸಲ ಗಾಡಿಯ ಮೂತಿಯೇ. ಆದ್ದರಿಂದ ಅಗಲ ಕಡಿಮೆಯಾದದ್ದೇ ಮುಳುಗಲು ಕಾರಣ ಎಂಬ ತೀರ್ಮಾನಕ್ಕೆ ಆತುರದಿಂದ ಬರಬಾರದು. ಥ್ರಾಟಲ್ ಬಿಟ್ಟ ಕ್ಷಣ ಭಾರ ಮುಂದಕ್ಕೆ ಬರುತ್ತದೆ, ಇಳಿಜಾರಿನಲ್ಲಿ ಇನ್ನೂ ಹೆಚ್ಚು ಬರುತ್ತದೆ, ಆ ಹೊತ್ತಿಗೆ ಸ್ಕೀಯ ಮೂತಿ ಸ್ವಲ್ಪ ಕೆಳಗೆ ಬಾಗಿದ್ದರೂ ಅದು ಹಿಮದ ಮೇಲೆ ಏರುವ ಬದಲು ಹಿಮದೊಳಗೆ ನುಗ್ಗುತ್ತದೆ. ಅಗಲವನ್ನು 20 ಮಿ.ಮೀ. ಹೆಚ್ಚಿಸುವುದಕ್ಕಿಂತ ಮೂತಿ ಸದಾ ಒಂದೆರಡು ಡಿಗ್ರಿ ಮೇಲಿರುವಂತೆ ನೋಡಿಕೊಳ್ಳುವುದರಿಂದ ಹೆಚ್ಚು ಫಲ ಸಿಗುತ್ತದೆ. ಹತ್ತುವ ದಾರಿಯಲ್ಲಿ ಥ್ರಾಟಲ್ ಕೊಟ್ಟಾಗ ಇದಕ್ಕೆ ತದ್ವಿರುದ್ಧವಾಗಿ ಸ್ಕೀಯ ಭಾರ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಿ.

ಬೋಲ್ಟಿನ ಸ್ಥಾನ

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಸ್ಕೀ ಬೋಲ್ಟಿನ ಸುತ್ತ ಮೇಲೆ ಕೆಳಗೆ ತೂಗುತ್ತದೆ. ಬೋಲ್ಟ್ ತಳದ ಮಧ್ಯಕ್ಕಿಂತ ಮುಂದಿದ್ದರೆ ಗಾಡಿಯ ಭಾರ ಮೂತಿಯ ಮೇಲೆ ಬಿದ್ದು ಅದು ಕೆಳಗೆ ಕುಕ್ಕುತ್ತದೆ. ಬೋಲ್ಟಿನ ಮುಂದೆ ಹೆಚ್ಚು ತಳ, ಹಿಂದೆ ಕಡಿಮೆ ತಳ ಇದ್ದರೆ ಹಿಮದ ಒತ್ತಡವೇ ಮೂತಿಯನ್ನು ಎತ್ತಿ ಹಿಡಿಯುತ್ತದೆ. ಅಂದರೆ ತೇಲುವಿಕೆಯ ದೃಷ್ಟಿಯಿಂದ ಬೋಲ್ಟ್ ಹಿಂದಕ್ಕೆ ಸರಿಯಬೇಕು.

ತಿರುಗಿಸುವ ದೃಷ್ಟಿಯಿಂದ ನೋಡಿದರೆ ಬೇಡಿಕೆ ಬೇರೆ. ಸ್ಪಿಂಡಲ್ಲಿನ ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಇದಕ್ಕೆ ಕ್ಯಾಸ್ಟರ್ ಕೋನ ಎನ್ನುತ್ತಾರೆ. ಸ್ಪಿಂಡಲ್ಲಿನ ನಡುಗೆರೆಯನ್ನು, ಅಂದರೆ ಅದು ತಿರುಗುವ ಅಕ್ಷವನ್ನು, ಕೆಳಕ್ಕೆ ಎಳೆದರೆ ಅದು ಬೋಲ್ಟಿಗಿಂತ ಮುಂದೆ ನೆಲವನ್ನು ಮುಟ್ಟುತ್ತದೆ. ಸ್ಕೀ ಹಿಮವನ್ನು ಕಚ್ಚುವ ಕೇಂದ್ರ ಈ ಬಿಂದುವಿಗಿಂತ ಹಿಂದೆ ಇದ್ದರೆ ಸ್ಕೀ ತಾನಾಗಿ ನೇರಕ್ಕೆ ಮರಳುತ್ತದೆ. ಮುಂದೆ ಹೋದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುವಂತೆ ಪಕ್ಕಕ್ಕೆ ಎಳೆಯುತ್ತದೆ. ಬೋಲ್ಟ್ ಅಕ್ಷದ ಮೇಲೆಯೇ ಇದ್ದು ನೆಲದಿಂದ 110 ಮಿ.ಮೀ. ಎತ್ತರದಲ್ಲಿದೆ, ಕ್ಯಾಸ್ಟರ್ 23 ಡಿಗ್ರಿ ಎಂದು ಹಿಡಿದರೆ ಅಕ್ಷ ಬೋಲ್ಟಿಗಿಂತ ಸುಮಾರು 47 ಮಿ.ಮೀ. ಮುಂದೆ ನೆಲ ಮುಟ್ಟುತ್ತದೆ. ಕಚ್ಚುವ ಕೇಂದ್ರ ಬೋಲ್ಟಿನ ಕೆಳಗೇ ಇದ್ದರೆ 47 ಮಿ.ಮೀ. ಅಂತರ ಉಚಿತವಾಗಿ ಸಿಕ್ಕಂತಾಯಿತು. ಆದರೆ ಆ ಕೇಂದ್ರವನ್ನು 50 ಮಿ.ಮೀ. ಮುಂದಕ್ಕೆ ಸರಿಸಿದರೆ ಅಷ್ಟೂ ಅಳಿಸಿಹೋಗುತ್ತದೆ.

ತೇಲುವ ತಳ ಬೋಲ್ಟಿನ ಮುಂದೆ ಹೆಚ್ಚಿರಬೇಕು, ಕಚ್ಚುವ ಏಣು ಬೋಲ್ಟಿನ ಹಿಂದೆ ಹೆಚ್ಚಿರಬೇಕು ಎಂಬುದು ಹೀಗೆ ಸ್ಪಷ್ಟವಾಗುತ್ತದೆ. ಒಟ್ಟು 1,050 ಮಿ.ಮೀ. ಉದ್ದದ ಸ್ಕೀಗೆ ಬೋಲ್ಟನ್ನು ಮೂತಿಯಿಂದ 600 ಮಿ.ಮೀ. ದೂರದಲ್ಲಿಟ್ಟು ಶುರು ಮಾಡಿ. ತಳದ ನಡುವೆ ಉದ್ದಕ್ಕೂ ಸಾಗುವ ಏಣನ್ನು, ಅಂದರೆ ಕೀಲನ್ನು, ಮೂತಿಯ ಬಳಿ ಬಹುತೇಕ ಇಲ್ಲದಂತೆ ಆರಂಭಿಸಿ, ಬೋಲ್ಟಿನ ಹತ್ತಿರ ಬರುವಷ್ಟರಲ್ಲಿ 25ರಿಂದ 35 ಮಿ.ಮೀ. ಆಳಕ್ಕೆ ಇಳಿಸಿ, ಹಿಂದಿನ ಭಾಗದಲ್ಲಿ ಅದೇ ಆಳವನ್ನು ಉಳಿಸಿಕೊಳ್ಳಿ. ಮುಂದಿನ ಭಾಗದಲ್ಲೇ ಕೀಲ್ ಆಳವಾಗಿದ್ದರೆ ಮೊದಲೇ ಹೋದ ಗಾಡಿಗಳು ಕೊರೆದ ಗೆರೆಗಳಿಗೆ ಅದು ಸಿಕ್ಕಿ, ಸ್ಕೀ ಆ ಗೆರೆಯನ್ನೇ ಹಿಡಿದು ಓಡಲು ಹವಣಿಸುತ್ತದೆ. ಸವಾರರಿಗೆ ತೋಳು ನೋವು ತರುವ ದೋಷ ಇದೇ.

ಈ ತೊಂದರೆಯನ್ನು ಕಡಿಮೆ ಮಾಡಲು ಒಂದರ ಬದಲು ಎರಡು ಕೀಲು ಇಡುವ ಪದ್ಧತಿಯೂ ಇದೆ. ಎರಡು ಕೀಲುಗಳು ಒಂದೇ ಗೆರೆಗೆ ಒಮ್ಮೆಲೇ ಬೀಳುವುದಿಲ್ಲ, ಆದ್ದರಿಂದ ಗಾಡಿ ಶಾಂತವಾಗಿ ಓಡುತ್ತದೆ. ಆಳದ ಹಿಮದ ಓರೆ ಇಳಿಜಾರಿನಲ್ಲಿ ಅಡ್ಡ ಸಾಗುವಾಗ ಮಾತ್ರ ಆಳವಾದ ಒಂಟಿ ಕೀಲು ಮತ್ತು ಚೂಪಾದ ಅಂಚುಗಳು ಕೊಡುವ ಆಸರೆ ಹೆಚ್ಚು ನಂಬಿಕೆಗೆ ಅರ್ಹ ಎಂದು ನನ್ನ ಅಭಿಪ್ರಾಯ.

ಆಕಾರ ಬರೆಯುವಾಗ

ಮೂತಿಯ ಬಾಗು ಒಮ್ಮೆಲೇ ಏಳಬಾರದು. ಕಡಿದಾಗಿ ಎದ್ದ ಮೂತಿ ಹಿಮವನ್ನು ಮುಂದಕ್ಕೆ ದೂಡಿ ಗುಡ್ಡೆ ಮಾಡುತ್ತದೆ. ಉದ್ದನೆಯ ಇಳಿಬಾಗು ಹಿಮವನ್ನು ಸ್ವಲ್ಪಸ್ವಲ್ಪವಾಗಿ ಒತ್ತಿ ಗಟ್ಟಿಮಾಡಿ, ಅದರ ಮೇಲೆಯೇ ಏರಿ ಹೋಗುತ್ತದೆ. ಮೂತಿಯ ತುದಿ ತಳದಿಂದ 180ರಿಂದ 220 ಮಿ.ಮೀ. ಎತ್ತರವಿರಲಿ. ಹಿಂತುದಿಯನ್ನೂ 30 ಮಿ.ಮೀ.ನಷ್ಟು ಮೇಲೆತ್ತಬೇಕು. ರಿವರ್ಸ್ ಹಾಕಿದಾಗ ಚಪ್ಪಟೆ ಹಿಂತುದಿ ಹಿಮಕ್ಕೆ ಚುಚ್ಚಿಕೊಂಡು ಸ್ಟಿಯರಿಂಗ್ ರಾಡನ್ನೇ ಬಗ್ಗಿಸಿಬಿಡಬಹುದು. ಮೇಲ್ಮೈಯಲ್ಲಿ ಹಿಮ ನಿಲ್ಲುವ ತಗ್ಗು ಇರಕೂಡದು. ಒದ್ದೆ ಹಿಮ ಅಲ್ಲಿ ಕುಳಿತು ಹೆಪ್ಪುಗಟ್ಟಿದರೆ ಕಿಲೋಗಟ್ಟಲೆ ಭಾರ ಸೇರುತ್ತದೆ. ಮೂತಿಯ ಹಿಡಿಕೆಯನ್ನು ಅಲಂಕಾರವೆಂದು ಎಣಿಸಬೇಡಿ. ಹೂತ ಗಾಡಿಯನ್ನು ಎಳೆದು ತೆಗೆಯುವುದು ಅದನ್ನೇ ಹಿಡಿದು, ಆದ್ದರಿಂದ ದಪ್ಪ ಕೈಗವಸಿನ ಕೈ ಒಳಗೆ ಹೋಗುವಷ್ಟು ಜಾಗವಿರಲಿ.

ಸ್ಪಿಂಡಲ್ ಮತ್ತು ಸ್ಕೀಯ ನಡುವೆ ಒಂದು ರಬ್ಬರ್ ಬ್ಲಾಕ್ ಕೂರುತ್ತದೆ. ಮೂತಿಯನ್ನು ಮೇಲೆತ್ತಿ ಹಿಡಿಯುವುದರಲ್ಲಿ ಇದರ ಪಾಲು ದೊಡ್ಡದು. ನೈಟ್ರೈಲ್ ರಬ್ಬರ್ ಪುಣೆಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಕಡುಚಳಿಯಲ್ಲಿ ಅದು ಬೇಗ ಬಿರುಸಾಗುತ್ತದೆ. ನೈಸರ್ಗಿಕ ರಬ್ಬರ್ ಅಥವಾ ಇಪಿಡಿಎಂ ಎಂಬ ಕೃತಕ ರಬ್ಬರ್ ಕೇಳಿ ಪಡೆಯಿರಿ.

ವಸ್ತು, ಮತ್ತು ಪುಣೆಯ ಬಿಸಿಲು

ಹಳೆಯ ಗಾಡಿಗಳ ಸ್ಕೀ ಉಕ್ಕಿನದ್ದು. ಇಂದು ಹೆಚ್ಚಾಗಿ ಬಳಸುವುದು ಯುಎಚ್‌ಎಂಡಬ್ಲ್ಯೂ ಪಾಲಿಎಥಿಲೀನ್ (ಅತಿ ಉದ್ದದ ಅಣುಗಳಿರುವ, ಬೇಗ ಸವೆಯದ ಪ್ಲಾಸ್ಟಿಕ್) ಮತ್ತು ಅದರ ಹತ್ತಿರದ ಬಗೆಗಳು. ಕನ್ವೇಯರ್ ಚೈನಿನ ಗೈಡು, ಹಾಪರಿನ ಒಳಹೊದಿಕೆ ಮಾಡುವವರ ಬಳಿ ಇದರ ಶೀಟ್ ಇದ್ದೇ ಇರುತ್ತದೆ. ಸಾಂದ್ರತೆ ನೀರಿಗಿಂತ ಕಡಿಮೆ, ನೀರು ಹೀರುವುದಿಲ್ಲ, ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಪೆಟ್ಟಿಗೆ ಒಡೆಯುವುದಿಲ್ಲ. ಇದನ್ನು ಸಾಮಾನ್ಯ ಪ್ಲಾಸ್ಟಿಕ್ಕಿನಂತೆ ಕರಗಿಸಿ ಅಚ್ಚಿಗೆ ಸುರಿಯಲಾಗದು. ಸುಮಾರು 135 ಡಿಗ್ರಿ ದಾಟಿದ ಮೇಲೂ ಹರಿಯದೆ ರಬ್ಬರಿನಂತೆ ಮೆತ್ತಗಾಗುತ್ತದೆ, ಅಷ್ಟೆ. ಬಿಳಿ ಶೀಟನ್ನು ಓವನ್ನಿನಲ್ಲಿ 145 ಡಿಗ್ರಿಯ ಸುಮಾರಿಗೆ ಇಟ್ಟು ಗಾಜಿನ ಕಿಂಡಿಯಿಂದ ನೋಡುತ್ತಿರಿ. ಹಾಲಿನಂತಿದ್ದ ಶೀಟ್ ಅಂಚಿನಿಂದ ಒಳಕ್ಕೆ ಮೆಲ್ಲನೆ ಪಾರದರ್ಶಕವಾಗುತ್ತ ಬರುತ್ತದೆ. ನಡುವಿನ ಬಿಳಿ ಮಚ್ಚೆಯೂ ಮಾಯವಾದಾಗ ಅದು ಬಾಗಲು ಸಿದ್ಧ. ಆಗ ಮರದ ಅಥವಾ ಉಕ್ಕಿನ ಅಚ್ಚಿನ ಮೇಲಿಟ್ಟು ಕ್ಲ್ಯಾಂಪ್ ಬಿಗಿದು, ಕೈಗೆ ಬಿಸಿ ಹತ್ತದಷ್ಟು ಆರುವವರೆಗೆ ಬಿಡಬೇಕು. ಅವಸರದಿಂದ ತೆಗೆದರೆ ಬಾಗು ಮರಳಿ ಬಿಚ್ಚಿಕೊಳ್ಳುತ್ತದೆ. ಕಪ್ಪು ಶೀಟಿನಲ್ಲಿ ಈ ಗುರುತು ಕಾಣುವುದಿಲ್ಲವಾದ್ದರಿಂದ ಮೊದಲ ಮಾದರಿಗೆ ಬಿಳಿಯದನ್ನೇ ಆರಿಸಿ.

ಈ ವಸ್ತುವಿನ ದೊಡ್ಡ ಪರೀಕ್ಷೆ ಇರುವುದು ಉಷ್ಣದಿಂದ ಹಿಗ್ಗಿ ಕುಗ್ಗುವ ಗುಣದಲ್ಲಿ. ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿಗೆ ಇದು ಸುಮಾರು 0.15ರಿಂದ 0.2 ಮಿ.ಮೀ. ಬದಲಾಗುತ್ತದೆ, ಉಕ್ಕು ಬದಲಾಗುವುದು ಕೇವಲ 0.012 ಮಿ.ಮೀ. ಪುಣೆಯ ಮೇ ತಿಂಗಳ 38 ಡಿಗ್ರಿಯಲ್ಲಿ ತೂತು ಕೊರೆದು ಜೋಡಿಸಿದ ಸ್ಕೀ ಕಾಶ್ಮೀರದ ರಾತ್ರಿಯ ಮೈನಸ್ 12 ಡಿಗ್ರಿಗೆ ಹೋದರೆ 50 ಡಿಗ್ರಿಯ ವ್ಯತ್ಯಾಸ. ಕೀಲಿನ ಕೆಳಗೆ ಉಕ್ಕಿನ ಸರಳೊಂದನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ (ಅದರ ವಿವರ ಮುಂದಿದೆ). ಅರ್ಧ ಮೀಟರ್ ಅಂತರದ ಅಂಥ ಎರಡು ಬೋಲ್ಟುಗಳ ನಡುವೆ ಪ್ಲಾಸ್ಟಿಕ್ಕು ಆ ಸರಳಿಗಿಂತ ಸುಮಾರು 3.5ರಿಂದ 4.7 ಮಿ.ಮೀ. ಹೆಚ್ಚು ಕುಗ್ಗುತ್ತದೆ. ತೂತುಗಳು ಬಿಗಿಯಾಗಿದ್ದರೆ ಉಕ್ಕು ತಳವನ್ನು ಹಿಡಿದಿಟ್ಟು, ಮೇಲ್ಭಾಗ ಮಾತ್ರ ಕುಗ್ಗಿ, ಎರಡೂ ತುದಿ ಮೇಲಕ್ಕೆದ್ದು ತಳಕ್ಕೆ ಹೊಟ್ಟೆ ಬರುತ್ತದೆ. ವರ್ಕ್‌ಶಾಪಿನ ಮೇಜಿನ ಮೇಲೆ ನೇರವಾಗಿದ್ದ ಸ್ಕೀ ಹಿಮದ ಮೇಲೆ ತೊಟ್ಟಿಲಾಗುತ್ತದೆ. ಹೀಗಾಗದಿರಲು ಸ್ಕೀ ಬೋಲ್ಟಿಗೆ ಹತ್ತಿರವಿರುವ ಒಂದು ತೂತನ್ನು ಮಾತ್ರ ಗುಂಡಗೆ, ಅಳತೆಗೆ ಸರಿಯಾಗಿ ಕೊರೆದು, ಉಳಿದವನ್ನು ಉದ್ದಕ್ಕೆ 6 ಮಿ.ಮೀ. ಜಾಗವಿರುವ ಸ್ಲಾಟುಗಳಾಗಿ ಕೊರೆಯಿರಿ. ಬೇಸಿಗೆಯಲ್ಲಿ ಜೋಡಿಸುವಾಗ ಬೋಲ್ಟ್ ಸ್ಲಾಟಿನ ಯಾವ ತುದಿಯಲ್ಲಿರಬೇಕು ಎಂಬುದನ್ನು ಡ್ರಾಯಿಂಗಿನಲ್ಲೇ ಬರೆಯಿರಿ. ಪ್ಲಾಸ್ಟಿಕ್ಕು ಗುಂಡು ತೂತಿನ ಕಡೆಗೆ ಕುಗ್ಗುವುದರಿಂದ, ಚಳಿಯಲ್ಲಿ ಬೋಲ್ಟು ಸ್ಲಾಟಿನ ಹೊರತುದಿಯ ಕಡೆಗೆ ಸರಿಯಲು ಜಾಗ ಬೇಕು.

ಬೋಲ್ಟ್ ಬಿಗಿಯುವ ವಿಷಯದಲ್ಲಿ ಭೋಸರಿಯ ವರ್ಕ್‌ಶಾಪೊಂದರಲ್ಲಿ ಅಥಣಿ ಕಡೆಯ ಹಿರಿಯ ಫಿಟ್ಟರೊಬ್ಬರು ಹೇಳಿದ ಮಾತನ್ನು ಇಲ್ಲಿ ಇಡುತ್ತೇನೆ. “ಸರ, ಈ ಶೀಟಿಗಿ ನಟ್ ಎಷ್ಟರ ಜಗ್ಗಿ ಟೈಟ್ ಮಾಡ್ರಿ, ನಾಳಿ ಮುಂಜಾನಿ ಬಂದು ನೋಡಿದ್ರ ಮತ್ತ ಸಡ್ಲ ಆಗಿರತೈತ್ರಿ. ಒಳಗ ಒಂದು ಉಕ್ಕಿನ ಬುಶ್ ಹಾಕ್ರಿ, ನಟ್ಟು ಬುಶ್ಶಿನ ಮ್ಯಾಲ ಕುಂದರ್ಲಿ.” ಅವರು ಹೇಳಿದ್ದು ಅಕ್ಷರಶಃ ಸರಿ. ಪಾಲಿಎಥಿಲೀನ್ ಸದಾ ಒತ್ತುವ ಭಾರದ ಕೆಳಗೆ ನಿಧಾನವಾಗಿ ಹರಿದು ತೆಳ್ಳಗಾಗುತ್ತದೆ. ಶೀಟಿನ ದಪ್ಪಕ್ಕಿಂತ 0.2 ಅಥವಾ 0.3 ಮಿ.ಮೀ. ಗಿಡ್ಡನೆಯ ಉಕ್ಕಿನ ಬುಶ್ (ತೂತಿನೊಳಗೆ ಕೂರುವ ಕೊಳವೆ), ಅಗಲವಾದ ವಾಷರ್, ತಾನಾಗಿ ಸಡಿಲವಾಗದ ನೈಲಾಕ್ ನಟ್, ಈ ಮೂರೂ ಸೇರಿದರೆ ಬಿಗಿತ ಉಳಿಯುತ್ತದೆ, ಪ್ಲಾಸ್ಟಿಕ್ಕಿನ ಮೇಲೂ ಅತಿಯಾದ ಒತ್ತಡ ಬೀಳುವುದಿಲ್ಲ. ಸ್ಲಾಟುಗಳಲ್ಲಿಯೂ ಬುಶ್ ಹಾಕಬೇಕು, ಆದರೆ ಅಲ್ಲಿ ಅದು ಶೀಟಿಗಿಂತ ಕೂದಲೆಳೆಯಷ್ಟು ಉದ್ದವಿರಲಿ. ಆಗಷ್ಟೇ ಪ್ಲಾಸ್ಟಿಕ್ಕು ವಾಷರಿನ ಕೆಳಗೆ ಸಲೀಸಾಗಿ ಜಾರುತ್ತದೆ.

ಕೆಳಗಿನ ಸರಳು ಮತ್ತು ಕಾರ್ಬೈಡ್

ಕೀಲಿನ ಕೆಳಗೆ ಉಕ್ಕಿನ ಗುಂಡು ಸರಳು, ಅದಕ್ಕೆ ಬೆಸೆದ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಡುಸು ವಸ್ತುವಿನ ಅಂಚು, ಇವೆರಡೇ ಗಟ್ಟಿ ಹಿಮವನ್ನೂ ಮಂಜುಗಡ್ಡೆಯನ್ನೂ ಕಚ್ಚುವ ಹಲ್ಲು. ಆಳದ ಹಿಮದಲ್ಲಿ ಕಾರ್ಬೈಡಿನ ಪಾಲು ಅಲ್ಪ, ಅಲ್ಲಿ ಕೀಲೇ ಎಲ್ಲ. ಮೊದಲ ಮಾದರಿಗೆ 150 ಮಿ.ಮೀ. ಉದ್ದದ ಕಾರ್ಬೈಡ್ ಇಟ್ಟು, ಅದರಲ್ಲಿ 60 ಮಿ.ಮೀ. ಬೋಲ್ಟಿನ ಮುಂದೆ, 90 ಮಿ.ಮೀ. ಹಿಂದೆ ಬರುವಂತೆ ಕೂರಿಸಿ. ಕಚ್ಚುವ ಕೇಂದ್ರ ಬೋಲ್ಟಿಗಿಂತ 15 ಮಿ.ಮೀ. ಹಿಂದೆ ಬೀಳುತ್ತದೆ. ಹಿಂದಿನ 47ಕ್ಕೆ ಇದನ್ನು ಕೂಡಿಸಿದರೆ ಒಟ್ಟು 62 ಮಿ.ಮೀ. ತಿರುವಿನಲ್ಲಿ ಒಂದು ಸ್ಕೀಗೆ 300 ನ್ಯೂಟನ್ ಅಡ್ಡಬಲ ಬರುತ್ತದೆಂದು ಹಿಡಿದರೆ ಎರಡೂ ಸೇರಿ ಸುಮಾರು 37 ನ್ಯೂಟನ್-ಮೀಟರ್ ತಿರುಚುಬಲ. ಹ್ಯಾಂಡಲ್ ತಿರುಗುವ ಅಕ್ಷದಿಂದ ಕೈಹಿಡಿಗೆ 350 ಮಿ.ಮೀ. ದೂರವಿದ್ದು, ಹ್ಯಾಂಡಲ್ ಮತ್ತು ಸ್ಕೀ ಒಂದೇ ಪ್ರಮಾಣದಲ್ಲಿ ತಿರುಗುವುದಾದರೆ ಒಂದೊಂದು ಕೈಗೆ ಸುಮಾರು 5 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಇದನ್ನು ಸಾಮಾನ್ಯ ಸವಾರ ಗಂಟೆಗಟ್ಟಲೆ ತಾಳಬಲ್ಲ. ಇದು ಎರಡು ಪಟ್ಟಾದರೆ ತಾಳಲಾರ.

ಕಾರ್ಬೈಡ್ ಬೆಸೆಯುವ ಕೆಲಸವನ್ನು ಟೂಲ್ ಟಿಪ್ಪಿಂಗ್, ಅಂದರೆ ಕತ್ತರಿಸುವ ಉಪಕರಣಗಳಿಗೆ ಕಾರ್ಬೈಡ್ ತುದಿ ಕೂಡಿಸುವ ಕೆಲಸ, ಮಾಡುವವರಿಗೇ ಕೊಡಿ. ಬಿಸಿಯಾದಾಗ ಉಕ್ಕು ಹಿಗ್ಗುವುದರ ಅರ್ಧದಷ್ಟು ಮಾತ್ರ ಕಾರ್ಬೈಡ್ ಹಿಗ್ಗುತ್ತದೆ. ಉದ್ದನೆಯ ಒಂದೇ ತುಂಡನ್ನು ಬೆಳ್ಳಿ ಬೆಸುಗೆಯಿಂದ ಕೂಡಿಸಿ ಬೇಗ ತಣಿಸಿದರೆ ಕೂದಲಿನಂಥ ಬಿರುಕು ಬಿಟ್ಟು, ಮೊದಲ ಕಲ್ಲಿಗೇ ಚೂರಾಗುತ್ತದೆ. ಚಿಕ್ಕ ತುಂಡುಗಳನ್ನು ಸಾಲಾಗಿ ಬೆಸೆದು, ಬೂದಿ ಅಥವಾ ಒಣ ಸುಣ್ಣದಲ್ಲಿ ಹೂತು ನಿಧಾನವಾಗಿ ಆರಿಸಬೇಕು.

ಗಾಡಿಗೆ ಜೋಡಿಸುವಾಗ ಹ್ಯಾಂಡಲನ್ನು ನೇರವಾಗಿ ಕಟ್ಟಿ, ಎರಡು ಸ್ಕೀಗಳ ಕೀಲುಗಳ ನಡುವಿನ ಅಂತರವನ್ನು ಬೋಲ್ಟಿನ ಮುಂದೆ ಮತ್ತು ಹಿಂದೆ ಸಮದೂರದಲ್ಲಿ ಅಳೆಯಿರಿ. ಮುಂದಿನ ಅಳತೆ 3ರಿಂದ 6 ಮಿ.ಮೀ. ಹೆಚ್ಚಿದ್ದರೆ ಸರಿ. ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಪುಣೆಯಲ್ಲಿ ಮಾಡಬಹುದಾದ ಪರೀಕ್ಷೆ

ಹಿಮವಿಲ್ಲದ ಊರಿನಲ್ಲಿಯೂ ಅರ್ಧ ಪರೀಕ್ಷೆ ಮುಗಿಸಬಹುದು. ಸ್ಕೀಯ ಎರಡು ತುದಿಗಳಿಗೆ ಆಸರೆ ಕೊಟ್ಟು, ಬೋಲ್ಟಿನ ಜಾಗದಲ್ಲಿ ಮರಳಿನ ಚೀಲಗಳನ್ನು ಒಂದೊಂದಾಗಿ ಹೇರುತ್ತ ಬಾಗನ್ನು ಅಳೆದು ಬರೆಯಿರಿ. ನಿಂತ ಭಾರದ ಮೂರ್ನಾಲ್ಕು ಪಟ್ಟು, ಅಂದರೆ 150 ಕಿಲೋದ ಆಸುಪಾಸು ಹೇರಿ ತೆಗೆದ ಮೇಲೆ ಸ್ಕೀ ಮೊದಲಿನ ಆಕಾರಕ್ಕೆ ಬರಬೇಕು. ಬಳಿಕ ಥರ್ಮೋಕೋಲ್ ಹೊದಿಸಿದ ಪೆಟ್ಟಿಗೆಯಲ್ಲಿ ಡ್ರೈ ಐಸ್ ಜೊತೆ ಇಟ್ಟು ತಣಿಸಿ, ಸ್ಲಾಟುಗಳಲ್ಲಿ ಬೋಲ್ಟ್ ಎಷ್ಟು ಸರಿದಿದೆ, ತಳ ನೇರವಾಗಿದೆಯೇ ಎಂದು ನೋಡಿ, ಹಿಡಿಕೆಗೂ ರಬ್ಬರ್ ಬ್ಲಾಕಿಗೂ ಸುತ್ತಿಗೆಯ ಪೆಟ್ಟು ಕೊಡಿ. ಡ್ರೈ ಐಸ್ ಮೈನಸ್ 78 ಡಿಗ್ರಿಯದು, ಬರಿಗೈಯಲ್ಲಿ ಮುಟ್ಟಬಾರದು. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯ ತರುತ್ತದೆ. ಬಾಗಿಲು ತೆರೆದ ಶೆಡ್ಡಿನಲ್ಲಿಯೇ ಈ ಕೆಲಸ ಮಾಡಬೇಕು. ಮರಳಿನ ಮೇಲೆ ಸ್ಕೀ ಎಳೆದು ತೇಲುವಿಕೆ ಪರೀಕ್ಷಿಸುವ ಯೋಚನೆ ಹಲವರಿಗೆ ಬರುತ್ತದೆ. ಮರಳು ಹಿಮದಂತೆ ಒತ್ತಿದಷ್ಟೂ ಕುಗ್ಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಆ ಫಲಿತಾಂಶವನ್ನು ನಂಬಬೇಡಿ.

ಹಿಮದ ಮೇಲೆ

ಗುಲ್ಮಾರ್ಗ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಹಿಮ ಚೆನ್ನಾಗಿರುತ್ತದೆ. ಪುಣೆ ಮತ್ತು ಜಮ್ಮು ನಡುವಿನ ಝೇಲಂ ಎಕ್ಸ್‌ಪ್ರೆಸ್‌ನಲ್ಲಿ ಒಂದು ಮೀಟರ್ ಉದ್ದದ ಸ್ಕೀ ಜೋಡಿಯನ್ನು ಪಾರ್ಸೆಲ್ ಮಾಡುವುದೂ ಕಷ್ಟವಲ್ಲ. ಸ್ಥಳೀಯ ಅನುಮತಿ ಪಡೆದು, ಅಲ್ಲಿ ನಿತ್ಯ ಗಾಡಿ ಓಡಿಸುವವರನ್ನು ಜೊತೆಗಿಟ್ಟುಕೊಂಡೇ ಪರೀಕ್ಷೆ ಮಾಡಿ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿಯೇ ಹಿಮಕುಸಿತದ ಅಪಾಯ ಹೆಚ್ಚು. ಅವುಗಳ ಮೇಲೂ, ಅವುಗಳ ಬುಡದಲ್ಲಿಯೂ ಹೋಗಬಾರದು.

ಬೆಳಿಗ್ಗೆ ಹೆಪ್ಪುಗಟ್ಟಿದ ದಾರಿಯಲ್ಲಿ, ಮಧ್ಯಾಹ್ನ ಮೆತ್ತಗಾದ ಅದೇ ದಾರಿಯಲ್ಲಿ, ಕೊನೆಗೆ ದಾರಿಯಾಚೆಯ ತುಳಿಯದ ಹಿಮದಲ್ಲಿ ಓಡಿಸಿ ನೋಡಿ. ಗಟ್ಟಿ ದಾರಿಯಲ್ಲಿ ಕಡಿಮೆ ವೇಗದಲ್ಲಿ ಹ್ಯಾಂಡಲನ್ನು ಹಗುರವಾಗಿ ಹಿಡಿದು ಸ್ಕೀ ಎತ್ತ ಎಳೆಯುತ್ತದೆ ಎಂದು ಗಮನಿಸಿ. ಕೋಲು ನೆಟ್ಟು ಗೊತ್ತಾದ ಅಳತೆಯ ವೃತ್ತದಲ್ಲಿ ಸುತ್ತಿ, ಯಾವ ವೇಗದಲ್ಲಿ ಮುಂಭಾಗ ಹೊರಕ್ಕೆ ಜಾರುತ್ತದೆಂದು ಬರೆಯಿರಿ. ತುಳಿಯದ ಹಿಮದಲ್ಲಿ ಥ್ರಾಟಲ್ ಬಿಟ್ಟು ನಿಲ್ಲಿಸಿ, ಇಳಿದು, ಮೂತಿಯ ಬಳಿಯೂ ಹಿಂತುದಿಯ ಬಳಿಯೂ ಸ್ಕೀ ಎಷ್ಟು ಆಳಕ್ಕೆ ಇಳಿದಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಮೂತಿಯ ಬಳಿ ಹೆಚ್ಚು ಆಳವಿದ್ದರೆ ಎಷ್ಟು ಅಗಲ ಮಾಡಿದರೂ ಪ್ರಯೋಜನವಿಲ್ಲ, ರಬ್ಬರ್ ಬ್ಲಾಕನ್ನು ಅಥವಾ ಬೋಲ್ಟಿನ ಸ್ಥಾನವನ್ನು ಬದಲಿಸಬೇಕು. ಎರಡೂ ಕಡೆ ಒಂದೇ ಆಳವಿದ್ದು ಒಟ್ಟಿನಲ್ಲಿ ಹೆಚ್ಚು ಮುಳುಗಿದ್ದರೆ ಆಗ ಅಗಲದ ಮಾತು.

ತಿದ್ದುಪಡಿಗಳನ್ನು ಒಂದೊಂದಾಗಿ, ಅಗ್ಗದ್ದರಿಂದ ದುಬಾರಿಯದಕ್ಕೆ ಮಾಡಿ. ಗಾಡಿ ಹೊರಕ್ಕೆ ಜಾರಿದರೆ ಮೊದಲು ಉದ್ದನೆಯ ಕಾರ್ಬೈಡ್ ಹಾಕಿ ನೋಡಿ. ಹ್ಯಾಂಡಲ್ ಭಾರವಾದರೆ ಅದನ್ನೇ ಚಿಕ್ಕದು ಮಾಡಿ. ತಿರುವಿನಲ್ಲಿ ಒಳಗಿನ ಸ್ಕೀ ನೆಲ ಬಿಟ್ಟು ಏಳುತ್ತಿದ್ದರೆ ಹಿಡಿತ ಅತಿಯಾಗಿದೆ ಎಂದರ್ಥ. ಆಮೇಲೆ ರಬ್ಬರ್ ಬ್ಲಾಕ್, ಆಮೇಲೆ ಬೋಲ್ಟಿನ ತೂತು, ಎಲ್ಲಕ್ಕೂ ಕೊನೆಗೆ ಅಚ್ಚು. ಮೊದಲ ಮಾದರಿಯಲ್ಲೇ ಬೋಲ್ಟಿಗೆ 15 ಮಿ.ಮೀ. ಅಂತರದಲ್ಲಿ ಮೂರು ತೂತುಗಳನ್ನು ಕೊರೆದೊಯ್ದರೆ ಹೊಸ ಸ್ಕೀ ಮಾಡದೆ ಅಲ್ಲಿಯೇ ಮೂರು ವಿನ್ಯಾಸಗಳನ್ನು ಓಡಿಸಿ ನೋಡಬಹುದು. ಬೋಲ್ಟು ಸರಿದಾಗಲೆಲ್ಲ ಕಾರ್ಬೈಡಿನ ಕೇಂದ್ರವೂ ಅದರೊಂದಿಗೆ ಸರಿಯಬೇಕಾದ್ದರಿಂದ, ಕೆಳಗಿನ ಸರಳಿಗೂ ಹೊಂದುವ ತೂತುಗಳನ್ನು ಪುಣೆಯಲ್ಲಿಯೇ ಕೊರೆಸಿಕೊಂಡು ಹೊರಡಿ.